‘ಹೈ ರಿಸ್ಕ್’ ಅಂತೀರಲ್ಲ, ರಿಸ್ಕ್ ಯಾರಿಗೆ?

1/10

ಡಿಸೆಂಬರ್ 1 ಬಂತು ಅಂದ್ರೆ ನಮ್ಮ ಕಾಲೇಜುಗಳಲ್ಲಿ ಏನೇನಾಗುತ್ತೆ ಅಂತ ನಿಮಗೆಲ್ಲ ಗೊತ್ತು. ರೆಡ್ ರಿಬ್ಬನ್ ಕ್ಲಬ್‌ನವರು ರಂಗೋಲಿ ಸ್ಪರ್ಧೆ ಇಡ್ತಾರೆ. ಕೆಂಪು ರಿಬ್ಬನ್ ಪಿನ್ ಚುಚ್ಕೊಂಡು ಗ್ರೂಪ್ ಫೋಟೊ. ‘ಜಾಗೃತಿ ಜಾಥಾ’ ಬಸ್ ಸ್ಟ್ಯಾಂಡ್‌ವರೆಗೆ ಹೋಗಿ ವಾಪಸ್ ಬರುತ್ತೆ. ಅತಿಥಿಗಳೊಬ್ಬರು ‘ನೈತಿಕ ಬದುಕೇ ಮದ್ದು’ ಅಂತ ಭಾಷಣ ಮಾಡ್ತಾರೆ. ಚಪ್ಪಾಳೆ, ಟೀ, ಬಿಸ್ಕೆಟ್, ಮುಗೀತು.

ಜಾಥಾ ಹೋಗಿ ಬಂದ ಅದೇ ಬಸ್ ಸ್ಟ್ಯಾಂಡ್ ಹತ್ತಿರ ಕತ್ತಲಾದ ಮೇಲೆ ಕೆಲಸಕ್ಕೆ ನಿಲ್ಲೋ ಹೆಂಗಸರಿದ್ದಾರೆ. ಕರ್ನಾಟಕದಲ್ಲಿ ಎಚ್‌ಐವಿ ತಡೆಯೋ ಕೆಲಸವನ್ನ ನಿಜವಾಗಿ ಬೀದಿಗಿಳಿದು ಮಾಡಿದವರಲ್ಲಿ ಮೊದಲ ಸಾಲು ಅವರದ್ದು. ನಮ್ಮ ಸ್ಟೇಜ್ ಮೇಲೆ ಅವರಿಗೊಂದು ಕುರ್ಚಿ ಇಲ್ಲ. ಭಾಷಣದಲ್ಲಿ ಅವರ ಸುದ್ದಿ ಬರೋದು ‘ರೋಗ ಎಲ್ಲಿಂದ ಹರಡುತ್ತೆ’ ಅನ್ನೋ ಪಾಯಿಂಟಿನಲ್ಲಿ ಮಾತ್ರ.

ಈ ಹತ್ತು ಪೋಸ್ಟ್ ಅದರ ಬಗ್ಗೆ. ನನ್ನ ವಾದ ಇಷ್ಟೇ: ಲೈಂಗಿಕ ಕಾರ್ಮಿಕರನ್ನ ನಾವು ‘ನಮಗೆ’ ರೋಗ ಬರಬಾರದು ಅನ್ನೋ ಕಾರಣಕ್ಕೆ ಮಾತ್ರ ಆಸ್ಪತ್ರೆ ಒಳಗೆ ಬಿಟ್ಕೊಳ್ತೀವಿ. ‘ನನಗೇ ಹುಷಾರಿಲ್ಲ’ ಅಂತ ಅವರು ಬಂದಾಗ ಮುಖ ತಿರುಗಿಸ್ತೀವಿ. ಇದು ಅನ್ಯಾಯ. ಜೊತೆಗೆ, ರೋಗ ತಡೆಯೋ ದೃಷ್ಟಿಯಿಂದ ನೋಡಿದ್ರೂ ಪೂರ್ತಿ ದಡ್ಡತನ.

ಎರಡು ಸೂಚನೆ. ‘ಲೈಂಗಿಕ ಕಾರ್ಮಿಕರು’ ಅಂತ ಬರೀತೀನಿ, ಯಾಕಂದ್ರೆ ಇಲ್ಲಿನ ಅವರ ಸಂಘಟನೆಗಳು ಬಳಸೋ ಮಾತು ಅದು. ಮತ್ತೆ, ಈ ಹತ್ತು ಫೋಟೊಗಳಲ್ಲಿ ಒಂದರಲ್ಲೂ ಯಾರ ಮುಖವೂ ಇಲ್ಲ. ಬೇಕಂತಲೇ. ಖಾಲಿ ಬೆಂಚು, ಓಪಿಡಿ ಚೀಟಿ, ಬೀದಿ ದೀಪ. ಅಷ್ಟು ಸಾಕು.

2/10

ಸ್ವಲ್ಪ ಹಿಂದಕ್ಕೆ ಹೋಗೋಣ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಮದ್ರಾಸಿನಲ್ಲಿ. ‘ಇದು ಫಾರಿನ್ ಕಾಯಿಲೆ, ನಮ್ಮ ಸಂಸ್ಕೃತಿಯಲ್ಲಿ ಇದಕ್ಕೆ ಜಾಗವಿಲ್ಲ’ ಅಂತ ದೊಡ್ಡವರೆಲ್ಲ ಎದೆ ತಟ್ಕೊಂಡು ಹೇಳ್ತಿದ್ದ ಕಾಲ. ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಅನ್ನೋ ವಿದ್ಯಾರ್ಥಿನಿ ರಕ್ತದ ಮಾದರಿ ಸಂಗ್ರಹಿಸಿದ್ರು. ಪರೀಕ್ಷೆ ವೆಲ್ಲೂರಿನಲ್ಲಿ ನಡೀತು. ಆರು ಮಾದರಿ ಪಾಸಿಟಿವ್ ಬಂತು.

ಆ ಇಬ್ಬರು ಮಾಡಿದ್ದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ರಕ್ತ ಕೊಟ್ಟವರು ಯಾರು? ಲೈಂಗಿಕ ಕಾರ್ಮಿಕರು. ಅದರಲ್ಲಿ ಹಲವರು ಪೊಲೀಸರ ಕೈಗೆ ಸಿಕ್ಕಿ ಸರ್ಕಾರಿ ಗೃಹದಲ್ಲಿ ಕೂಡಿಹಾಕಲ್ಪಟ್ಟವರು. ಯಾವ ಕಾಯಿಲೆಗೆ ಪರೀಕ್ಷೆ ಅಂತ ಅವರಿಗೆ ಆಗ ಹೇಳಿರಲಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ, ಗಮನಿಸಿ. ಹುಡುಕಿದ್ದು ಅಲ್ಲಿ, ಆದ್ದರಿಂದ ಸಿಕ್ಕಿದ್ದೂ ಅಲ್ಲಿ. ಅದೇ ವಾರ ಅದೇ ಊರಿನ ವ್ಯಾಪಾರಸ್ಥರ, ಆಫೀಸರ್‌ಗಳ, ಲಾರಿ ಮಾಲೀಕರ ರಕ್ತ ಯಾರೂ ತೆಗೀಲಿಲ್ಲ. ಆ ಆರು ಹೆಂಗಸರಿಗೆ ವೈರಸ್ ಆಕಾಶದಿಂದ ಉದುರಿರಲಿಲ್ಲ. ಯಾರೋ ತಂದು ಕೊಟ್ಟಿದ್ದು. ತಂದವರು ವಾಪಸ್ ಮನೆಗೆ ಹೋಗಿ ಊಟ ಮಾಡಿ ಮಲಗಿದ್ರು. ಅವರ ಹೆಸರು ಯಾವ ರಿಜಿಸ್ಟರ್‌ನಲ್ಲೂ ಇಲ್ಲ.

ಕಥೆ ಮಾತ್ರ ಅವತ್ತೇ ಅಂಟಿಕೊಳ್ತು: ‘ಏಡ್ಸ್ ಅಂದ್ರೆ ಅಂಥವರಿಂದ ಬರೋದು.’ ನಿಮ್ಮ ಅಮ್ಮನಿಗೂ ಗೊತ್ತಿರೋ ಕಥೆ ಅದು, ನಿಮ್ಮ ತಮ್ಮನಿಗೂ ಗೊತ್ತಿರೋ ಕಥೆ. ನಲವತ್ತು ವರ್ಷ ಆಗ್ತಾ ಬಂದ್ರೂ ಅದರ ಗೋಂದು ಬಿಟ್ಟಿಲ್ಲ.

3/10

ಈಗ ಸರ್ಕಾರಿ ಭಾಷೆ ನೋಡಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದ್ರೆ ನ್ಯಾಕೊ, ಜನರನ್ನ ಮೂರು ಗುಂಪು ಮಾಡುತ್ತೆ. ಲೈಂಗಿಕ ಕಾರ್ಮಿಕರು ‘ಹೈ ರಿಸ್ಕ್ ಗ್ರೂಪ್’ನಲ್ಲಿ ಬರ್ತಾರೆ. ಲಾರಿ ಡ್ರೈವರ್‌ಗಳು, ವಲಸೆ ಕಾರ್ಮಿಕರು ‘ಬ್ರಿಡ್ಜ್ ಪಾಪ್ಯುಲೇಶನ್’, ಅಂದ್ರೆ ಸೇತುವೆ. ಉಳಿದವರು, ನಾನು ನೀವು, ‘ಜನರಲ್ ಪಾಪ್ಯುಲೇಶನ್’.

ಸೇತುವೆ ಅನ್ನೋ ಪದ ಕೇಳಿದ್ರೇನೇ ಯಾವ ದಡದಲ್ಲಿ ನಿಂತು ಬರೆದಿದ್ದು ಅಂತ ಗೊತ್ತಾಗುತ್ತೆ. ಆ ದಡದಿಂದ ಈ ದಡಕ್ಕೆ ರೋಗ ದಾಟಬಾರದು. ಆ ದಡದಲ್ಲಿರೋರ ಗತಿ? ಅದು ಈ ಪದದೊಳಗೆ ಇಲ್ಲ.

ಅಂಕಿ ಅಂಶ ಸುಳ್ಳಲ್ಲ. ದೇಶದ ವಯಸ್ಕರಲ್ಲಿ ಎಚ್‌ಐವಿ ಇರೋರು ನೂರಕ್ಕೆ ಸುಮಾರು 0.2. ಸರ್ಕಾರದ 2021ರ ಸಮೀಕ್ಷೆ ಪ್ರಕಾರ ಮಹಿಳಾ ಲೈಂಗಿಕ ಕಾರ್ಮಿಕರಲ್ಲಿ ನೂರಕ್ಕೆ 1.85. ಹತ್ತಿರಹತ್ತಿರ ಒಂಬತ್ತು ಪಟ್ಟು. ಹಾಗಾದ್ರೆ ‘ಹೈ ರಿಸ್ಕ್’ ಅಂದಿದ್ದು ಸರಿ ತಾನೇ ಅಂತೀರಾ?

ರಿಸ್ಕ್ ಎಲ್ಲಿದೆ ಅಂತ ಕೇಳಿ. ಅವಳ ರಕ್ತದಲ್ಲಿ ಹುಟ್ಟುವಾಗಲೇ ಇತ್ತಾ? ಇಲ್ಲ. ಕಾಂಡೋಮ್ ಬೇಡ, ನೂರು ರೂಪಾಯಿ ಜಾಸ್ತಿ ಕೊಡ್ತೀನಿ ಅನ್ನೋ ಗಂಡಸಿನಲ್ಲಿದೆ. ತಿಂಗಳ ಕೊನೆಗೆ ಬರೋ ಬಾಡಿಗೆಯಲ್ಲಿದೆ. ಪೊಲೀಸ್ ಜೀಪ್ ಕಂಡು ಮಾತು ಮುಗಿಸದೇ ಓಡಬೇಕಾದ ಆ ಎರಡು ನಿಮಿಷದಲ್ಲಿದೆ.

ಇನ್ನೊಂದು ತಮಾಷೆ ನೋಡಿ. ಸಾಮಾನ್ಯ ಕಾಂಡೋಮ್ ಹಾಕಬೇಕಾಗಿರೋದು ಗಂಡಸಿನ ಮೈಗೆ. ಜಾಗೃತಿ, ಕೌನ್ಸೆಲಿಂಗ್, ಲೆಕ್ಕ, ರಿಜಿಸ್ಟರ್ ಎಲ್ಲಾ ಹೆಂಗಸಿನ ತಲೆಗೆ. ಮನೆಯಲ್ಲಿ ಹೆಂಡತಿ ಇರೋ ಗಿರಾಕಿ ‘ಜನರಲ್ ಪಾಪ್ಯುಲೇಶನ್’ ಅಂತ ಆರಾಮಾಗಿ ರಂಗೋಲಿ ಸ್ಪರ್ಧೆಗೆ ಬಹುಮಾನ ಕೊಡೋಕೆ ಬರಬಹುದು. ಅವನನ್ನ ಯಾರೂ ಆರು ತಿಂಗಳಿಗೊಮ್ಮೆ ರಕ್ತ ಕೊಡು ಅಂತ ಕರೆಯಲ್ಲ.

4/10

‘ಬರೀ ಕಂಪ್ಲೇಂಟ್ ಮಾಡ್ತೀಯ, ಪರಿಹಾರ ಹೇಳು’ ಅನ್ನೋರಿಗೆ ಈ ಪೋಸ್ಟ್. ಪರಿಹಾರ ನಮ್ಮ ಮೈಸೂರಿನಲ್ಲೇ ಇದೆ. ಇಪ್ಪತ್ತು ವರ್ಷ ಆಯ್ತು.

2003ರಲ್ಲಿ ಗೇಟ್ಸ್ ಫೌಂಡೇಶನ್ ದುಡ್ಡಿನಿಂದ ‘ಆವಾಹನ್’ ಅನ್ನೋ ಕಾರ್ಯಕ್ರಮ ಆರು ರಾಜ್ಯಗಳಲ್ಲಿ ಶುರುವಾಯ್ತು, ಕರ್ನಾಟಕ ಅದರಲ್ಲೊಂದು. ಮೈಸೂರಿನಲ್ಲಿ 2004ರಲ್ಲಿ ಕೆಲಸ ಆರಂಭ. ಲೈಂಗಿಕ ಕಾರ್ಮಿಕರೇ ಬೀದಿಗಿಳಿದ್ರು, ತಮ್ಮ ಜೊತೆಯವರನ್ನ ಹುಡುಕಿದ್ರು, ಕ್ಲಿನಿಕ್ ಎಲ್ಲಿ ಇರಬೇಕು, ಎಷ್ಟು ಹೊತ್ತಿಗೆ ತೆರೀಬೇಕು ಅಂತ ತಾವೇ ಹೇಳಿದ್ರು. ಕುಳಿತು ಮಾತಾಡೋಕೆ, ಸ್ನಾನ ಮಾಡೋಕೆ, ಹಗಲು ಎರಡು ತಾಸು ನಿದ್ದೆ ಮಾಡೋಕೆ ಒಂದು ಜಾಗ ಬೇಕು ಅಂದ್ರು. ಯಾರಿಗಾದ್ರೂ ಹೊಡೆತ ಬಿದ್ರೆ ಎಲ್ಲರೂ ಸೇರಿ ಸ್ಟೇಷನ್‌ಗೆ ಹೋದ್ರು. ಅದೇ ಮುಂದೆ ‘ಆಶೋದಯ ಸಮಿತಿ’ ಆಯ್ತು.

ಫಲ ಏನು? 2004ಕ್ಕೂ 2006ಕ್ಕೂ ನಡುವೆ ಹೊಸ ಗಿರಾಕಿಗಳ ಜೊತೆ ಕಾಂಡೋಮ್ ಬಳಕೆ ನೂರಕ್ಕೆ 65ರಿಂದ 90ಕ್ಕೆ ಏರಿತು. ಸಿಫಿಲಿಸ್ ನೂರಕ್ಕೆ 25 ಇದ್ದದ್ದು 12ಕ್ಕೆ ಇಳಿಯಿತು. ಎರಡೇ ವರ್ಷದಲ್ಲಿ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲಿದೆ, ಅದನ್ನ ಯಾರೂ ಪೋಸ್ಟರ್ ಮಾಡಲ್ಲ. ಗಂಡ, ಪ್ರೇಮಿ ಥರದ ಖಾಯಂ ಸಂಗಾತಿ ಜೊತೆ ಕಾಂಡೋಮ್ ಬಳಕೆ ನೂರಕ್ಕೆ 7 ಇದ್ದದ್ದು 30ಕ್ಕೆ ಏರಿತು, ಅಷ್ಟೇ. ಅಂದ್ರೆ ಬೀದಿಯಲ್ಲಿ ಗಿರಾಕಿ ಎದುರು ‘ಹಾಕ್ಕೋ’ ಅಂತ ಗದರಿಸೋ ಹೆಂಗಸಿಗೆ ಮನೆಯಲ್ಲಿ ಆ ಮಾತು ಆಡೋಕಾಗಲ್ಲ. ಈ ಕಷ್ಟ ‘ಅಂಥವರದ್ದು’ ಮಾತ್ರವೇ? ಮದುವೆಯಾದ ಎಷ್ಟು ಹೆಂಗಸರಿಗೆ ಮನೆಯಲ್ಲಿ ಆ ಮಾತು ಬಾಯಿಗೆ ಬರುತ್ತೆ ಅಂತ ಸ್ವಲ್ಪ ಯೋಚನೆ ಮಾಡಿ.

ಆವಾಹನ್‌ನಿಂದ 2003–2008ರ ನಡುವೆ ಸುಮಾರು ಒಂದು ಲಕ್ಷ ಹೊಸ ಸೋಂಕು ತಪ್ಪಿರಬಹುದು ಅಂತ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು. ಆ ಲಕ್ಷದಲ್ಲಿ ‘ಜನರಲ್’ ಜನರೇ ಬಹಳ. ಥ್ಯಾಂಕ್ಸ್ ಹೇಳಿದವರು ಯಾರಾದ್ರೂ ಇದ್ದೀರಾ?

5/10

ಈಗ ಸಿಟ್ಟು ಬರೋ ಭಾಗ.

ಆರೋಗ್ಯ ಇಲಾಖೆ ಬಲಗೈಯಲ್ಲಿ ಉಚಿತ ಕಾಂಡೋಮ್ ಕೊಡುತ್ತೆ. ಅದೇ ಸರ್ಕಾರದ ಪೊಲೀಸರು ಎಡಗೈಯಲ್ಲಿ ಬ್ಯಾಗ್ ಜಾಲಾಡಿ ಅದೇ ಕಾಂಡೋಮನ್ನ ‘ಸಾಕ್ಷಿ’ ಅಂತ ಎತ್ತಿ ಹಿಡೀತಾರೆ. ಹೀಗಿರುವಾಗ ಬ್ಯಾಗಿನಲ್ಲಿ ಕಾಂಡೋಮ್ ಇಟ್ಕೊಳ್ಳೋದು ಆರೋಗ್ಯಕ್ಕೆ ಒಳ್ಳೇದಾ, ಕೇಸು ಬೀಳದಿರೋಕೆ ಇಟ್ಕೊಳ್ಳದೇ ಇರೋದು ಒಳ್ಳೇದಾ? ಆ ಹೆಂಗಸಿನ ಜಾಗದಲ್ಲಿ ನಿಂತು ಉತ್ತರ ಹೇಳಿ.

ಕಾನೂನು ಏನು ಹೇಳುತ್ತೆ ಗೊತ್ತಾ? 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಪ್ರಕಾರ ವಯಸ್ಕರು ತಮ್ಮಿಷ್ಟದಿಂದ ಲೈಂಗಿಕ ಕೆಲಸ ಮಾಡೋದೇ ಅಪರಾಧ ಅಲ್ಲ. ಆದ್ರೆ ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯೋದು ಅಪರಾಧ, ವೇಶ್ಯಾಗೃಹ ನಡೆಸೋದು ಅಪರಾಧ, ಅವರ ದುಡಿಮೆಯಲ್ಲಿ ಬದುಕೋ ವಯಸ್ಕರೂ ಅಪರಾಧಿಗಳು. ಅಂದ್ರೆ ಕೆಲಸ ಮಾಡಬಹುದು, ಆದ್ರೆ ಎಲ್ಲೂ ನಿಲ್ಲಬಾರದು, ಯಾರ ಜೊತೆಗೂ ಇರಬಾರದು, ದುಡಿದದ್ದರಲ್ಲಿ ವಯಸ್ಸಾದ ಅಮ್ಮನಿಗೆ ಅನ್ನ ಹಾಕಿದ್ರೂ ಒಂದು ಅನುಮಾನ.

2022ರ ಮೇ 19ರಂದು ಸುಪ್ರೀಂ ಕೋರ್ಟ್, ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿತು: ಲೈಂಗಿಕ ಕಾರ್ಮಿಕರು ತಮ್ಮ ಆರೋಗ್ಯ, ಸುರಕ್ಷತೆಗೆ ಬಳಸೋ ಕಾಂಡೋಮ್‌ನಂಥ ವಸ್ತುಗಳನ್ನ ಅಪರಾಧ ಅಂತಾಗಲಿ ಅಪರಾಧಕ್ಕೆ ಸಾಕ್ಷಿ ಅಂತಾಗಲಿ ನೋಡಬಾರದು. ದಾಳಿ, ‘ರಕ್ಷಣೆ’ ಅಂತ ಅವರ ಫೋಟೊ, ಗುರುತು ಮಾಧ್ಯಮದಲ್ಲಿ ಹಾಕಬಾರದು. ಇದೇ ಕಾರಣಕ್ಕೆ, ‘ಲಾಡ್ಜ್ ಮೇಲೆ ರೇಡ್’ ಅಂತ ಮುಖಕ್ಕೆ ದುಪಟ್ಟಾ ಮುಚ್ಕೊಂಡ ಹೆಂಗಸರ ವಿಡಿಯೊ ವಾಟ್ಸ್ಯಾಪ್‌ನಲ್ಲಿ ಬಂದ್ರೆ ಫಾರ್ವರ್ಡ್ ಮಾಡಬೇಡಿ.

ಹಿಂಸೆಗೂ ರೋಗಕ್ಕೂ ಏನು ಸಂಬಂಧ ಅಂತೀರಾ? ಕರ್ನಾಟಕದಲ್ಲೇ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ: ಹಿಂದಿನ ಒಂದು ವರ್ಷದಲ್ಲಿ ಹೊಡೆತ ಅಥವಾ ಅತ್ಯಾಚಾರಕ್ಕೆ ಒಳಗಾಗದ ಲೈಂಗಿಕ ಕಾರ್ಮಿಕರಲ್ಲಿ ಗಿರಾಕಿಗಳ ಜೊತೆ ತಪ್ಪದೇ ಕಾಂಡೋಮ್ ಬಳಸಿದವರು ನೂರಕ್ಕೆ ಸುಮಾರು 75. ಒಳಗಾದವರಲ್ಲಿ 55. ಇಪ್ಪತ್ತು ಜನರ ಆ ವ್ಯತ್ಯಾಸವನ್ನ ಯಾವ ರಂಗೋಲಿ ತುಂಬುತ್ತೆ?

6/10

ಒಂದು ಪ್ರಶ್ನೆ. ಮನುಷ್ಯರಿಗೆ ಎಷ್ಟು ಅಂಗ?

ನಮ್ಮ ವ್ಯವಸ್ಥೆಗೆ ಲೈಂಗಿಕ ಕಾರ್ಮಿಕರ ಮೈಯಲ್ಲಿ ಒಂದೇ ಅಂಗ ಕಾಣುತ್ತೆ. ಎಚ್‌ಐವಿ ಕಾರ್ಯಕ್ರಮದ ನಿಯಮದಂತೆ ಆರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ. ಸಿಫಿಲಿಸ್ ಪರೀಕ್ಷೆ ವರ್ಷಕ್ಕೆ ಎರಡು ಸಲ. ಗುಪ್ತರೋಗದ ತಪಾಸಣೆ. ಕಾಂಡೋಮ್ ಲೆಕ್ಕ. ಒಳ್ಳೇದೇ, ಬೇಡ ಅಂತಿಲ್ಲ.

ಆದ್ರೆ ಅದೇ ಹೆಂಗಸಿಗೆ ಶುಗರ್ ಇದ್ರೆ? ಬಿಪಿ ಇದ್ರೆ? ಹಲ್ಲುನೋವು? ರಾತ್ರಿ ನಿದ್ದೆ ಬರದೇ ಜೀವ ಬೇಡ ಅನ್ನಿಸ್ತಿದ್ರೆ? ಹೊಟ್ಟೆಯಲ್ಲಿ ಮಗು ಇದ್ರೆ? ಆಗ ಸಾಮಾನ್ಯ ಓಪಿಡಿ ಸಾಲಿನಲ್ಲಿ ನಿಲ್ಲಬೇಕು. ಓಪಿಡಿ ಬೆಳಗ್ಗೆ. ಅವಳು ಮನೆ ಸೇರೋದೇ ಬೆಳಗಿನ ಜಾವ. ಕೌಂಟರ್‌ನಲ್ಲಿ ‘ಗಂಡನ ಹೆಸರು?’ ‘ಏನು ಕೆಲಸ?’ ಅಂತ ಜೋರಾಗಿ ಕೇಳ್ತಾರೆ. ಹಿಂದೆ ನಿಂತಿರೋ ನಲವತ್ತು ಜನ ಕಿವಿ ನಿಮಿರಿಸ್ತಾರೆ. ಸುಳ್ಳು ಹೇಳಿದ್ರೆ ಡಾಕ್ಟರಿಗೆ ಸರಿಯಾದ ಹಿನ್ನೆಲೆ ಸಿಗಲ್ಲ. ನಿಜ ಹೇಳಿದ್ರೆ ಜ್ವರಕ್ಕೂ ಎಚ್‌ಐವಿ ಟೆಸ್ಟ್ ಬರೀತಾರೆ, ಮುಟ್ಟೋಕೆ ಎರಡು ಜೊತೆ ಗ್ಲೌಸ್ ಹಾಕ್ತಾರೆ.

ನಮ್ಮ ಮನೆ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಕಿವಿಯಾರೆ ಕೇಳಿದ್ದು: ‘ಅಮ್ಮಾ, ನಿಮ್ಮಂಥವರಿಗೆ ಆ ಕಡೆ ಬೇರೆ ರೂಮ್ ಇದೆ, ಅಲ್ಲಿಗೆ ಹೋಗಿ.’ ಆಯಮ್ಮ ಬಂದಿದ್ದು ಕೈ ಸುಟ್ಕೊಂಡು. ಬೇರೆ ರೂಮ್ ಅಂದ್ರೆ ಎಚ್‌ಐವಿ ಕೌನ್ಸೆಲಿಂಗ್ ರೂಮ್. ಸುಟ್ಟ ಕೈಗೆ ಅಲ್ಲಿ ಏನು ಹಚ್ತಾರೆ?

ಒಂದು ಸಂಗತಿ ನೆನಪಿಡಿ. ಎಚ್‌ಐವಿ ಇರೋ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರೋ ಸಾಧ್ಯತೆ ಇಲ್ಲದವರಿಗಿಂತ ಆರು ಪಟ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಬೇಗ ಗೊತ್ತಾದ್ರೆ ಗುಣ ಮಾಡಬಹುದಾದ ಕ್ಯಾನ್ಸರ್ ಅದು. ವರ್ಷಕ್ಕೆರಡು ಸಲ ರಕ್ತ ತೆಗೆಯೋಕೆ ಅವಳ ಬಾಗಿಲಿಗೇ ಬರೋ ವ್ಯವಸ್ಥೆ, ಈ ಪರೀಕ್ಷೆಗೆ ಯಾಕೆ ಅಷ್ಟೇ ಶಿಸ್ತಿನಿಂದ ಕರೆದುಕೊಂಡು ಹೋಗಲ್ಲ? ಯಾಕಂದ್ರೆ ಕ್ಯಾನ್ಸರ್ ಅಂಟುಜಾಡ್ಯ ಅಲ್ಲ. ಅದು ಸೇತುವೆ ದಾಟಿ ನಮ್ಮ ದಡಕ್ಕೆ ಬರಲ್ಲ. ಸತ್ರೆ ಅವಳೊಬ್ಬಳೇ ಸಾಯ್ತಾಳೆ.

7/10

ಚೀಟಿ ಪುರಾಣ.

ಉಚಿತ ಚಿಕಿತ್ಸೆ ಬೇಕಾ, ಕಾರ್ಡ್ ಬೇಕು. ಕಾರ್ಡ್ ಬೇಕಾ, ಆಧಾರ್ ಬೇಕು. ಆಧಾರ್ ಬೇಕಾ, ವಿಳಾಸದ ಪುರಾವೆ ಬೇಕು. ವಿಳಾಸದ ಪುರಾವೆಗೆ ಬಾಡಿಗೆ ಕರಾರು ಬೇಕು. ‘ಅಂಥ’ ಹೆಂಗಸಿಗೆ ಮನೆ ಕೊಟ್ಟಿದ್ದೀನಿ ಅಂತ ಯಾವ ಓನರ್ ಬರೆದು ಕೊಡ್ತಾನೆ? ಊರು ಬಿಟ್ಟು ಬಂದವರು, ಮನೆಯಿಂದ ಹೊರಹಾಕಿಸಿಕೊಂಡವರು, ಹೆಸರು ಬದಲಿಸಿಕೊಂಡವರು, ಬೆಳಗಾವಿ ಬಾಗಲಕೋಟೆ ಕಡೆಯಿಂದ ಚಿಕ್ಕ ವಯಸ್ಸಲ್ಲೇ ಮುತ್ತು ಕಟ್ಟಿಸಿಕೊಂಡು ಬಂದವರು. ಮುತ್ತು ಕಟ್ಟೋದನ್ನ ನಿಷೇಧಿಸಿದ ರಾಜ್ಯದ ಕಾಯ್ದೆ 1982ರದ್ದು. ಕಾಯ್ದೆಗೆ ವಯಸ್ಸಾಯ್ತು, ಆ ಹೆಂಗಸರಿಗೂ ವಯಸ್ಸಾಯ್ತು. ಕಾಗದ ಪತ್ರ ಮಾತ್ರ ಇನ್ನೂ ಹುಟ್ಟಬೇಕು.

ಕೊರೊನಾ ಸಮಯದಲ್ಲಿ ಇದು ಬೆತ್ತಲಾಗಿ ಕಾಣಿಸ್ತು. ಕೆಲಸ ನಿಂತು ಹೋಯ್ತು, ರೇಷನ್ ಕಾರ್ಡ್ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯ್ತು: ಗುರುತಿನ ಚೀಟಿ ಕೇಳಬೇಡಿ, ನ್ಯಾಕೊ ಗುರುತಿಸಿದ ಲೈಂಗಿಕ ಕಾರ್ಮಿಕರಿಗೆ ರೇಷನ್ ಕೊಡಿ. 2022ರ ಆದೇಶದಲ್ಲಿ ಇನ್ನೊಂದು ಹೆಜ್ಜೆ: ವಿಳಾಸದ ಪುರಾವೆ ಇಲ್ಲದಿದ್ರೂ ನ್ಯಾಕೊ ಅಥವಾ ರಾಜ್ಯ ಏಡ್ಸ್ ಸಂಸ್ಥೆಯ ಅಧಿಕಾರಿ ಕೊಡೋ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಬೇಕು. ಕಾರ್ಡಿನಲ್ಲಿ ಅವರ ಕೆಲಸದ ಗುರುತು ಬರಬಾರದು.

ಗಮನಿಸಿ. ಅಕ್ಕಿಯೂ ಏಡ್ಸ್ ಇಲಾಖೆ ಮೂಲಕ, ಆಧಾರ್ ಕೂಡ ಏಡ್ಸ್ ಇಲಾಖೆ ಮೂಲಕ. ಈ ದೇಶದಲ್ಲಿ ಇವರು ಪ್ರಜೆಗಳು ಅಂತ ಪಟ್ಟಿ ಇರೋ ಆಫೀಸ್ ಅದೊಂದೇ. ಅಲ್ಲಿ ಹೆಸರು ಬರೆಸಲು ಹೆದರಿದವಳಿಗೆ ಅಕ್ಕಿಯೂ ಇಲ್ಲ, ಆಧಾರೂ ಇಲ್ಲ.

8/10

ಈಗ ಹೊಸ ಔಷಧಿಗಳ ಕಥೆ. ನಿಮ್ಮಲ್ಲಿ ಫಾರ್ಮಸಿ ಓದ್ತಿರೋರು ಇದನ್ನ ಸೇವ್ ಮಾಡ್ಕೊಳ್ಳಿ.

ಪ್ರೆಪ್ ಅಂತ ಒಂದು ಮಾತ್ರೆ ಇದೆ. ಎಚ್‌ಐವಿ ಇಲ್ಲದವರು ದಿನಕ್ಕೊಂದು ತಗೊಂಡ್ರೆ ವೈರಸ್ ಮೈಗೆ ಹತ್ತೋದನ್ನ ತಡೆಯುತ್ತೆ. ಅಪಾಯ ಹೆಚ್ಚಿರೋ ಎಲ್ಲರಿಗೂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಇದರ ದೊಡ್ಡ ಲಾಭ ಏನು ಗೊತ್ತಾ? ಗಂಡಸಿನ ಒಪ್ಪಿಗೆ ಬೇಕಿಲ್ಲ. ಗಿರಾಕಿ ಕಾಂಡೋಮ್ ಹರಿದ್ರೂ, ಬೇಡ ಅಂದ್ರೂ, ಗಂಡ ಬಲವಂತ ಮಾಡಿದ್ರೂ ಅವಳಿಗೊಂದು ರಕ್ಷಣೆ ಇರುತ್ತೆ. ಕಾಂಡೋಮ್ ಬೇಡ ಅಂತ ಅಲ್ಲ. ಬೇರೆ ಗುಪ್ತರೋಗಕ್ಕೆ, ಗರ್ಭ ತಡೆಯೋಕೆ ಅದು ಬೇಕೇ ಬೇಕು.

ಮೈಸೂರಿನ ಆಶೋದಯ, ಕೋಲ್ಕತ್ತದ ದುರ್ಬಾರ್ ಸಂಘಟನೆಗಳು ಸೇರಿ ಲೈಂಗಿಕ ಕಾರ್ಮಿಕರಲ್ಲಿ ಪ್ರೆಪ್ ಪ್ರಯೋಗ ಮಾಡಿ ತೋರಿಸಿದ್ವು. ಮೈಸೂರು ಭಾಗದಲ್ಲಿ ಸೇರಿದ ಆರು ನೂರಕ್ಕೂ ಹೆಚ್ಚು ಮಹಿಳೆಯರಲ್ಲಿ ಒಬ್ಬರಿಗೂ ಹೊಸದಾಗಿ ಎಚ್‌ಐವಿ ಬರಲಿಲ್ಲ. ‘ಅವರು ದಿನಾ ಮಾತ್ರೆ ತಗೋತಾರಾ’ ಅಂತ ಮೂಗು ಮುರಿದವರಿಗೆ ಅದೇ ಉತ್ತರ. ನ್ಯಾಕೊ ಮಾರ್ಗಸೂಚಿ ಬಂದಿದ್ದು 2022ರಲ್ಲಿ. ಮಾರ್ಗಸೂಚಿ ಪಿಡಿಎಫ್ ಆಗಿ ಇದೆ. ನಿರೋಧ್ ಕೈಗೆ ಸಿಗೋ ಹಾಗೆ ಆ ಮಾತ್ರೆ ಬೀದಿ ಬದಿಯ ಹೆಂಗಸಿನ ಕೈಗೆ ಇನ್ನೂ ಸಿಗ್ತಿಲ್ಲ.

ಇನ್ನೂ ಮುಂದಕ್ಕೆ: ಲೆನಕಾಪವಿರ್. ವರ್ಷಕ್ಕೆ ಎರಡೇ ಇಂಜೆಕ್ಷನ್. 2024ರಲ್ಲಿ ದಕ್ಷಿಣ ಆಫ್ರಿಕಾ, ಉಗಾಂಡಾದ ಯುವತಿಯರಲ್ಲಿ ಪರೀಕ್ಷೆ ಆಯ್ತು. ಇಂಜೆಕ್ಷನ್ ಪಡೆದ 2,134 ಜನರಲ್ಲಿ ಸೋಂಕು ಸೊನ್ನೆ. ಅಮೆರಿಕದಲ್ಲಿ ಅದರ ಬೆಲೆ ವರ್ಷಕ್ಕೆ 28 ಸಾವಿರ ಡಾಲರಿಗೂ ಮೇಲೆ. ಜೆನೆರಿಕ್ ರೂಪದಲ್ಲಿ 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡ್ತೀವಿ ಅಂದಿರೋ ಕಂಪನಿಗಳು ಯಾವುವು? ಡಾ. ರೆಡ್ಡೀಸ್, ಹೆಟೆರೊ. ಎರಡೂ ನಮ್ಮ ಪಕ್ಕದ ಹೈದರಾಬಾದಿನವು. ಹೈದರಾಬಾದಿನಿಂದ ಮೆಜೆಸ್ಟಿಕ್‌ಗೆ ಒಂದು ರಾತ್ರಿ ಬಸ್ ಪ್ರಯಾಣ. ಆ ಇಂಜೆಕ್ಷನ್ ಅಷ್ಟು ದೂರ ಬರೋಕೆ ಎಷ್ಟು ವರ್ಷ ತಗೊಳ್ಳುತ್ತೆ ಅನ್ನೋದೇ ಪ್ರಶ್ನೆ.

ಯಾಕೆ ಅನುಮಾನ ಅಂದ್ರೆ, ಅಮೆರಿಕ ಸರ್ಕಾರ ತನ್ನ ವಿದೇಶಿ ನೆರವು ನಿಲ್ಲಿಸಿದ ಮೇಲೆ 2025ರ ಫೆಬ್ರವರಿಯಲ್ಲಿ ಪ್ರೆಪ್‌ಗೆ ಒಂದು ವಿನಾಯಿತಿ ಕೊಡ್ತು: ಗರ್ಭಿಣಿಯರಿಗೆ, ಹಾಲುಣಿಸೋ ತಾಯಂದಿರಿಗೆ ಮಾತ್ರ. ಅದೇ ಹಳೇ ಜರಡಿ. ಕಾಪಾಡೋಕೆ ಯೋಗ್ಯರು, ಯೋಗ್ಯರಲ್ಲದವರು. ವಾಷಿಂಗ್ಟನ್‌ನಲ್ಲಿ ಅದನ್ನ ಮೆಮೊ ಅಂತ ಬರೀತಾರೆ, ನಮ್ಮೂರಲ್ಲಿ ‘ಮರ್ಯಾದಸ್ಥರ ಮನೆ’ ಅಂತಾರೆ.

9/10

ಈ ವಿಷಯ ಎತ್ತಿದಾಗೆಲ್ಲ ನನ್ನ ಡಿಎಂಗೆ ಬರೋ ಪ್ರಶ್ನೆಗಳು. ಹೆಸರು ಹಾಕಲ್ಲ, ಹೆದರಬೇಡಿ.

‘ಬೇರೆ ಕೆಲಸ ಮಾಡಬಹುದಲ್ವಾ?’
ಮಾಡ್ತಾರೆ. ಎಷ್ಟೋ ಜನ ಹಗಲು ಮನೆಗೆಲಸ, ಗಾರೆ ಕೆಲಸ ಮಾಡ್ತಾನೇ ಇದನ್ನೂ ಮಾಡ್ತಾರೆ, ಆ ಸಂಬಳದಲ್ಲಿ ಮಕ್ಕಳ ಫೀಸು ಕಟ್ಟೋಕಾಗಲ್ಲ ಅಂತ. ಬೇರೆ ಕೆಲಸ ಸಿಗೋವರೆಗೆ ಜ್ವರಕ್ಕೆ ಮಾತ್ರೆ ಕೊಡಬಾರದು ಅನ್ನೋದು ಯಾವ ನ್ಯಾಯ? ಸಿಗರೇಟ್ ಸೇದಿ ಬಂದವನಿಗೆ ‘ಬಿಟ್ಟು ಬಾ, ಆಮೇಲೆ ಎಕ್ಸ್‌ರೇ’ ಅಂತ ಯಾರೂ ಹೇಳಲ್ಲ.

‘ನಮ್ಮ ಟ್ಯಾಕ್ಸ್ ದುಡ್ಡು.’
ಅವರು ಕೊಳ್ಳೋ ಬಿಸ್ಕೆಟ್ ಮೇಲೂ ಜಿಎಸ್‌ಟಿ ಇದೆ. ಲೆಕ್ಕ ಸಮ.

‘ಟ್ರಾಫಿಕಿಂಗ್‌ಗೆ ಸಪೋರ್ಟ್ ಮಾಡ್ತಿದ್ದೀಯಾ?’
ಇಲ್ಲ. ಮಕ್ಕಳನ್ನ ಈ ಕೆಲಸಕ್ಕೆ ಹಾಕೋದು, ಯಾರನ್ನೇ ಆಗಲಿ ಬಲವಂತವಾಗಿ ಹಾಕೋದು ಘೋರ ಅಪರಾಧ. ಅದರಲ್ಲಿ ರಾಜಿ ಇಲ್ಲ. ಆದ್ರೆ ಬಲವಂತಕ್ಕೆ ಸಿಕ್ಕ ಹುಡುಗಿ ಸಹಾಯ ಕೇಳಬೇಕಾಗಿರೋದು ಯಾರ ಹತ್ತಿರ? ಪೊಲೀಸರ, ನರ್ಸ್‌ಗಳ ಹತ್ತಿರ. ಅವರನ್ನ ಕಂಡ್ರೇ ಓಡಿಹೋಗೋ ಹಾಗೆ ಮಾಡಿಟ್ರೆ ಯಾರಿಗೆ ಲಾಭ? ದಲ್ಲಾಳಿಗೆ.

‘ಅಪರಾಧ ಅಲ್ಲ ಅಂದ್ರೆ ರೋಗ ಜಾಸ್ತಿ ಆಗಲ್ವಾ?’
ತಿರುಗಾಮುರುಗಾ. 2014ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಂದಾಜು ಹೇಳುತ್ತೆ: ಲೈಂಗಿಕ ಕೆಲಸವನ್ನ ಅಪರಾಧದ ಪಟ್ಟಿಯಿಂದ ತೆಗೆದ್ರೆ ಹತ್ತು ವರ್ಷದಲ್ಲಿ ಲೈಂಗಿಕ ಕಾರ್ಮಿಕರು ಮತ್ತು ಗಿರಾಕಿಗಳಲ್ಲಿ ಹೊಸ ಸೋಂಕು ನೂರಕ್ಕೆ 33ರಿಂದ 46ರಷ್ಟು ತಪ್ಪಬಹುದು. ಒಂದು ಕಾನೂನು ಬದಲಾವಣೆಗೆ ಅಷ್ಟು ಶಕ್ತಿ.

‘ನೀನ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ನಿಮ್ಮ ಮನೆಯವರಾ?’
ಈ ಪ್ರಶ್ನೆ ಕೇಳಿದವರು ಮೂರು ಜನ. ಮೂವರೂ ಹುಡುಗರು. ಇದಕ್ಕೆ ಉತ್ತರ ಕೊಡಲ್ಲ, ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡ್ತೀನಿ. ಒಬ್ಬ ಮನುಷ್ಯನ ಕಾಯಿಲೆ ಬಗ್ಗೆ ಮಾತಾಡೋಕೆ ರಕ್ತ ಸಂಬಂಧದ ಸರ್ಟಿಫಿಕೇಟ್ ಬೇಕಾ?

10/10

ಕೊನೇದು. ಶೇರ್ ಮಾಡಿ ಅಂತ ಬೇಡಿಕೊಳ್ಳೋಕೆ ಬರೆದಿದ್ದಲ್ಲ. ನಮ್ಮ ಕ್ಲಾಸಿನವರು ಎರಡು ಮೂರು ವರ್ಷದಲ್ಲಿ ಎಲ್ಲೆಲ್ಲಿ ಇರ್ತೀರ ಅಂತ ನನಗೆ ಗೊತ್ತು, ಅದಕ್ಕೇ ಬರೆದೆ.

ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಓದ್ತಿರೋರೇ: 2017ರ ಎಚ್‌ಐವಿ ಏಡ್ಸ್ ಕಾಯ್ದೆ ಓದಿ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೇ ಎಚ್‌ಐವಿ ಪರೀಕ್ಷೆ ಮಾಡೋ ಹಾಗಿಲ್ಲ. ಟೆಸ್ಟ್ ಮಾಡಿಸಿದ್ರೆ ಮಾತ್ರ ಚಿಕಿತ್ಸೆ ಅನ್ನೋ ಹಾಗಿಲ್ಲ. ರಿಪೋರ್ಟನ್ನ ಕಾರಿಡಾರ್‌ನಲ್ಲಿ ಕೂಗೋ ಹಾಗಿಲ್ಲ. ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸೋ ಹಾಗಿಲ್ಲ. ನಿಮ್ಮ ಸೀನಿಯರ್ ‘ಇಲ್ಲಿ ಹೀಗೇ’ ಅಂದ್ರೆ ‘ಕಾಯ್ದೆ ಹಾಗಿಲ್ಲ ಮೇಡಂ’ ಅನ್ನಿ.

ಪಿಎಸ್‌ಐ, ಕಾನ್‌ಸ್ಟೆಬಲ್ ಪರೀಕ್ಷೆಗೆ ಓದ್ತಿರೋರೇ: ಜಿಕೆ ನೋಟ್ಸ್ ಜೊತೆ 2022ರ ಮೇ 19ರ ಆದೇಶವನ್ನೂ ಓದಿ. ಬ್ಯಾಗಿನಲ್ಲಿರೋ ಕಾಂಡೋಮ್ ಸಾಕ್ಷಿ ಅಲ್ಲ. ಅತ್ಯಾಚಾರ ಆಯ್ತು ಅಂತ ಲೈಂಗಿಕ ಕಾರ್ಮಿಕಳೊಬ್ಬಳು ದೂರು ಕೊಡೋಕೆ ಬಂದ್ರೆ ನಗಬೇಡಿ, ತಕ್ಷಣ ಆಸ್ಪತ್ರೆಗೆ ಕಳಿಸಿ. ಸೋಂಕು ತಡೆಯೋ ಪಿಇಪಿ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ನೀವು ಸ್ಟೇಷನ್ ಬೆಂಚಿನ ಮೇಲೆ ಕೂರಿಸಿದ ಪ್ರತಿ ತಾಸೂ ಅದರಲ್ಲಿ ಕಳೆಯುತ್ತೆ.

ಜರ್ನಲಿಸಂನವರೇ: ರೇಡ್ ವಿಡಿಯೊಗೆ ಥಂಬ್‌ನೇಲ್ ಮಾಡಬೇಡಿ.

ರೆಡ್ ರಿಬ್ಬನ್ ಕ್ಲಬ್‌ನವರೇ: ಮುಂದಿನ ಕಾರ್ಯಕ್ರಮಕ್ಕೆ ಲೈಂಗಿಕ ಕಾರ್ಮಿಕರ ಸಂಘಟನೆಯಿಂದ ಒಬ್ಬರನ್ನ ಕರೀರಿ. ಅಯ್ಯೋ ಪಾಪ ಅನ್ನೋಕಲ್ಲ. ಕಾಂಡೋಮ್ ಬೇಡ ಅನ್ನೋ ಗಂಡಸನ್ನ ಒಪ್ಪಿಸೋದು ಹೇಗೆ ಅಂತ ಅವರಷ್ಟು ಚೆನ್ನಾಗಿ ಹೇಳಿಕೊಡೋ ಲೆಕ್ಚರರ್ ನಮ್ಮ ಯೂನಿವರ್ಸಿಟಿಯಲ್ಲಿಲ್ಲ. ಬಂದವರಿಗೆ ಗೌರವಧನ ಕೊಡಿ, ಬೇರೆ ಅತಿಥಿಗಳಿಗೆ ಕೊಟ್ಟಷ್ಟೇ.

ಮತ್ತೆ ನಿಮಗೆಲ್ಲ, ಅಂದ್ರೆ ‘ಜನರಲ್ ಪಾಪ್ಯುಲೇಶನ್’ಗೆ: ಅನುಮಾನ ಇದ್ರೆ ಟೆಸ್ಟ್ ಮಾಡಿಸಿ. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಉಚಿತ, ಗುಟ್ಟಾಗಿರುತ್ತೆ. ಸಹಾಯವಾಣಿ 1097, ಅದೂ ಉಚಿತ. ಪಾಸಿಟಿವ್ ಬಂದ್ರೆ ಬದುಕು ಮುಗೀತು ಅಂತಲ್ಲ. ಎಆರ್‌ಟಿ ಮಾತ್ರೆ 2004ರಿಂದ ಸರ್ಕಾರ ಉಚಿತವಾಗಿ ಕೊಡ್ತಿದೆ. ತಪ್ಪದೇ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದ್ರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡಲ್ಲ. ಇದು ವಿಜ್ಞಾನ, ಸಮಾಧಾನದ ಮಾತಲ್ಲ.

ನಮಗೆ ರೋಗ ಬರಬಾರದು ಅಂತ ಅವರ ಆರೋಗ್ಯ ನೋಡ್ಕೊಂಡಿದ್ದು ಸಾಕು. ಅವರಿಗೆ ಆರೋಗ್ಯ ಬೇಕು, ಯಾಕಂದ್ರೆ ಅವರಿಗೂ ಮೈ ಇದೆ, ಆ ಮೈಗೂ ನೋವಾಗುತ್ತೆ. ಇದಕ್ಕಿಂತ ದೊಡ್ಡ ಕಾರಣ ಬೇಕು ಅನ್ನೋರು ಕಮೆಂಟ್‌ನಲ್ಲಿ ಬನ್ನಿ. ನಾನು ಇಲ್ಲೇ ಇದ್ದೀನಿ.

#ಲೈಂಗಿಕಕಾರ್ಮಿಕರಹಕ್ಕು #ಎಚ್‌ಐವಿ #ಆರೋಗ್ಯಎಲ್ಲರಿಗೂ #ಕನ್ನಡ